ಹೀಟ್ ಪಂಪ್‌ಗೆ ರೇಡಿಯೇಟರ್ ಆಯ್ಕೆ: ಯಾವ ಅಳತೆ, ಯಾವ ಟೈಪ್, ಹಳೆಯದರಲ್ಲಿ ಯಾವುದನ್ನು ಉಳಿಸಬಹುದು?

ಚಳಿಮನೆ:
ಗ್ಯಾಸ್ ಬಾಯ್ಲರ್ ತೆಗೆದು, ಹೊರಗಿನ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸುವುದು ನಿರ್ಧಾರವಾಗಿದೆ. ಉಳಿದಿರುವುದು ರೇಡಿಯೇಟರ್ ಪ್ರಶ್ನೆ. ಮನೆಯ ಅತಿ ಕಷ್ಟದ ಕೋಣೆಯ ವಿವರ ಇದು: 5 ಮೀ × 4 ಮೀ, ಎತ್ತರ 2.4 ಮೀ, ಎರಡು ಗೋಡೆ ಹೊರಗಡೆಗೆ, ಕಿಟಕಿ 3 ಚದರ ಮೀಟರ್, ಮೇಲೆ ಬಿಸಿ ಮಾಡುವ ಕೋಣೆ, ಕೆಳಗೆ ನೇರ ನೆಲ. ಅಲ್ಲಿ ಈಗ 600 ಮಿ.ಮೀ. ಎತ್ತರ, 1000 ಮಿ.ಮೀ. ಉದ್ದದ ಟೈಪ್ 22 (ಎರಡು ಪ್ಯಾನೆಲ್, ನಡುವೆ ಎರಡು ಸಾಲು ಫಿನ್, ಅಂದರೆ ಮಡಚಿದ ತಗಡು) ರೇಡಿಯೇಟರ್ ಒಂದಿದೆ. ಕ್ಯಾಟಲಾಗ್‌ನಲ್ಲಿ 1,725 ವ್ಯಾಟ್ ಎಂದಿದೆ. ಕೋಣೆಯ ಶಾಖನಷ್ಟ 850 ವ್ಯಾಟ್ ಎಂದು ಲೆಕ್ಕ ಬಂತು. ಬೇಕಾದ್ದರ ಎರಡರಷ್ಟಿದೆಯಲ್ಲ, ಹಾಗೇ ಬಿಡಬಹುದೆ? ಒಬ್ಬ ಗುತ್ತಿಗೆದಾರರು ಮನೆಯ ಎಲ್ಲ ರೇಡಿಯೇಟರ್ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಒಂದನ್ನೂ ಮುಟ್ಟುವುದು ಬೇಡ, ನೀರನ್ನು 55 ಡಿಗ್ರಿಗೆ ಇಟ್ಟರಾಯಿತು ಎನ್ನುತ್ತಾರೆ.

ಲೆಕ್ಕಿಗ:
ಕ್ಯಾಟಲಾಗ್‌ನ 1,725 ನಿಮಗೆ ಸಿಗುವ ಶಾಖವಲ್ಲ. ಯುರೋಪಿನ ಇಎನ್ 442 ಮಾನದಂಡದಲ್ಲಿ ಅದನ್ನು ಅಳೆಯುವುದು ಒಳಬರುವ ನೀರು 75, ಮರಳುವ ನೀರು 65, ಕೋಣೆ 20 ಡಿಗ್ರಿ ಇರುವಾಗ. ನೀರಿನ ಸರಾಸರಿ 70, ಅಂದರೆ ಕೋಣೆಗಿಂತ 50 ಡಿಗ್ರಿ ಹೆಚ್ಚು. ಡೆಲ್ಟಾ ಟಿ 50 ಅನ್ನುವುದು ಇದನ್ನೇ. ಹೀಟ್ ಪಂಪ್‌ನಿಂದ 45ರಲ್ಲಿ ಹೊರಟ ನೀರು 40ರಲ್ಲಿ ಮರಳಿದರೆ ಸರಾಸರಿ 42.5. ಕೋಣೆಯನ್ನು 21ಕ್ಕೆ ಇಡಬೇಕಾದರೆ ಅಂತರ ಬರೀ 21.5.

ಅಂತರ ಅರ್ಧವಾದರೆ ಶಾಖ ಅರ್ಧಕ್ಕೆ ನಿಲ್ಲುವುದಿಲ್ಲ, ಇನ್ನೂ ಕೆಳಗಿಳಿಯುತ್ತದೆ. ಹೊಸ ಅಂತರವನ್ನು 50ರಿಂದ ಭಾಗಿಸಿ, ಬಂದದ್ದನ್ನು 1.3ರ ಘಾತಕ್ಕೆ ಏರಿಸಿ. ಪ್ಯಾನೆಲ್ ರೇಡಿಯೇಟರ್‌ಗೆ ಈ ಘಾತ ಸಾಕಷ್ಟು ನಿಖರ. ಕೋಣೆ 21 ಡಿಗ್ರಿ ಎಂದಿಟ್ಟುಕೊಂಡು ನಿಮ್ಮ ರೇಡಿಯೇಟರ್‌ಗೆ ಹಾಕಿದರೆ:

55 ಹೋಗಿ 50 ಮರಳಿದಾಗ ಗುಣಕ 0.55, ಸಿಗುವುದು ಸುಮಾರು 945 ವ್ಯಾಟ್
50 ಹೋಗಿ 45 ಮರಳಿದಾಗ 0.44, ಸುಮಾರು 755
45 ಹೋಗಿ 40 ಮರಳಿದಾಗ 0.33, ಸುಮಾರು 575
40 ಹೋಗಿ 35 ಮರಳಿದಾಗ 0.24, ಸುಮಾರು 410

ಹಾಗಾಗಿ ಎರಡನೆಯ ಗುತ್ತಿಗೆದಾರರ ಮಾತು ಸುಳ್ಳಲ್ಲ, 55ರಲ್ಲಿ ಈ ಕೋಣೆ ಬೆಚ್ಚಗಾಗುತ್ತದೆ. ಆದರೆ ಅದಕ್ಕೆ ತೆರುವ ವಿದ್ಯುತ್ತನ್ನೂ ಅವರು ಹೇಳಬೇಕಿತ್ತು. ಇನ್ನೊಂದು: ಹಳೆಯ ಕ್ಯಾಟಲಾಗ್‌ಗಳಲ್ಲಿ ಡೆಲ್ಟಾ ಟಿ 60ರ ಸಂಖ್ಯೆ ಇರುವುದುಂಟು. ಅಂಥದ್ದನ್ನು ಮೊದಲು 0.79ರಿಂದ ಗುಣಿಸಿ 50ರ ಲೆಕ್ಕಕ್ಕೆ ತನ್ನಿ. ಸಂಖ್ಯೆಯ ಪಕ್ಕ ಡೆಲ್ಟಾ ಟಿ ಬರೆದಿರದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ.

ಪೈಪ್‌ರೆಂಚ್:
ಲೆಕ್ಕಿಗ ಅವರು ಕೊಟ್ಟ ಪಟ್ಟಿಯನ್ನು ಪ್ರತಿ ಕೋಣೆಗೂ ಮಾಡಿ. ಆಮೇಲೆ ಪ್ರತಿ ಕೋಣೆಗೆ ಒಂದೇ ಪ್ರಶ್ನೆ: ಈಗಿರುವ ರೇಡಿಯೇಟರ್‌ನಿಂದ ಇಲ್ಲಿನ ಶಾಖನಷ್ಟ ತುಂಬಲು ನೀರು ಕನಿಷ್ಠ ಎಷ್ಟು ಬಿಸಿ ಇರಬೇಕು? ಒಂದು ಮಲಗುವ ಕೋಣೆಗೆ 41, ಇನ್ನೊಂದಕ್ಕೆ 43, ಅಡುಗೆಮನೆಗೆ 42, ನಿಮ್ಮ ಈ ದೊಡ್ಡ ಕೋಣೆಗೆ 53 ಎಂದು ಬಂದರೆ ಇಡೀ ಮನೆಗೆ 53 ಡಿಗ್ರಿಯ ನೀರು ಹರಿಸಬೇಕಾಗುತ್ತದೆ. ಒಂದು ದುರ್ಬಲ ರೇಡಿಯೇಟರ್ ಮನೆಯ ಎಲ್ಲ ಕೋಣೆಗಳ ವಿದ್ಯುತ್ ಬಿಲ್ಲನ್ನು ಏರಿಸುತ್ತದೆ. ಎಲ್ಲವನ್ನೂ ಬದಲಿಸಬೇಕಿಲ್ಲ, ಹಾಗೆಂದು ಯಾವುದನ್ನೂ ಮುಟ್ಟದೆ ಇರುವುದೂ ತಪ್ಪು. ಅತಿ ಹೆಚ್ಚು ತಾಪಮಾನ ಕೇಳುವ ಒಂದೆರಡು ಕೋಣೆ ಹಿಡಿದು, ಹಣವನ್ನು ಅಲ್ಲೇ ಸುರಿಯಿರಿ. ಆಮೇಲೆ ಉಳಿದವುಗಳಲ್ಲಿ ಅತಿ ದುರ್ಬಲ ಯಾವುದೆಂದು ಮತ್ತೆ ನೋಡಿ. ಒಂದು ಹಂತದಲ್ಲಿ ಮುಂದಿನ ಒಂದು ಡಿಗ್ರಿ ಇಳಿಸಲು ನಾಲ್ಕು ರೇಡಿಯೇಟರ್ ಬದಲಿಸಬೇಕಾಗಿ ಬರುತ್ತದೆ, ನಿಲ್ಲಿಸುವುದು ಅಲ್ಲಿ.

ನೀರಿನ ತಾಪಮಾನ ಒಂದು ಡಿಗ್ರಿ ಇಳಿದರೆ ಪಂಪ್‌ನ ದಕ್ಷತೆ ಸುಮಾರು ಶೇ. 2ರಿಂದ 3ರಷ್ಟು ಸುಧಾರಿಸುತ್ತದೆ. 55ಕ್ಕೂ 45ಕ್ಕೂ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಲೆಕ್ಕಿಗ:
ಅದಕ್ಕೊಂದು ತಿದ್ದುಪಡಿ. ಆ ಪೂರ್ತಿ 10 ಡಿಗ್ರಿಯ ವ್ಯತ್ಯಾಸ ಇರುವುದು ಅತಿ ಚಳಿಯ ದಿನಗಳಲ್ಲಿ ಮಾತ್ರ. ಹೊರಗಿನ ತಾಪಮಾನಕ್ಕೆ ತಕ್ಕಂತೆ ನೀರಿನ ತಾಪಮಾನ ಬದಲಿಸುವ ವೆದರ್ ಕಾಂಪೆನ್ಸೇಶನ್ ಚಾಲೂ ಇದ್ದರೆ, ಹೊರಗೆ 8 ಡಿಗ್ರಿ ಇರುವ ದಿನ 55ರ ಮನೆಗೆ ಸುಮಾರು 42, 45ರ ಮನೆಗೆ ಸುಮಾರು 36 ಡಿಗ್ರಿ ನೀರು ಸಾಕು. ಅಂತರ 6 ಡಿಗ್ರಿಗೆ ಇಳಿಯಿತು. ಚಳಿಗಾಲದ ಬಹುಪಾಲು ದಿನಗಳು ಇಂಥವೇ. ಅದಕ್ಕೇ ವರ್ಷದ ಉಳಿತಾಯವನ್ನು ಪೂರ್ತಿ 10 ಡಿಗ್ರಿಗೆ ಗುಣಿಸಿ ಹೇಳುವ ಮಾರಾಟಗಾರರ ಮಾತು ಹೆಚ್ಚಾಯಿತು.

ಗೋಡೆಗುಣ:
850 ಬಂದದ್ದು ಹೇಗೆ ಎಂಬುದನ್ನು ಬಿಡಿಸಿ ಹಾಕುತ್ತೀರಾ? ರೇಡಿಯೇಟರ್ ಕೊಳ್ಳುವ ಮೊದಲು ನೋಡಬೇಕಾದ್ದು ಅದನ್ನೇ.

ಚಳಿಮನೆ:
ಹೊರಗೆ ಮೈನಸ್ 3, ಒಳಗೆ 21, ಅಂತರ 24 ಎಂದು ಹಿಡಿದಿದ್ದೇನೆ. ಹೊರಗೋಡೆ 18.6 ಚ.ಮೀ., ಒಳಗೆ ನಿರೋಧಕ ತುಂಬಿದ ಜೋಡಿ ಗೋಡೆ, ಯು-ಮೌಲ್ಯ (ಒಂದು ಡಿಗ್ರಿ ಅಂತರಕ್ಕೆ ಒಂದು ಚ.ಮೀ. ಮೂಲಕ ಸೋರುವ ವ್ಯಾಟ್) 0.5: 223 ವ್ಯಾಟ್. ಕಿಟಕಿ 3 ಚ.ಮೀ., ಯು-ಮೌಲ್ಯ 1.6: 115. ನೆಲ 20 ಚ.ಮೀ., ಯು-ಮೌಲ್ಯ 0.6, ಮಣ್ಣಿನ ತಾಪಮಾನ 10 ಎಂದಿಟ್ಟುಕೊಂಡು: 132. ಗಾಳಿಗೆ, ಗಂಟೆಗೊಮ್ಮೆ ಕೋಣೆಯ ಪೂರ್ತಿ ಗಾಳಿ ಬದಲಾಗುತ್ತದೆ ಎಂಬ ಲೆಕ್ಕದಲ್ಲಿ 0.33 (ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ವ್ಯಾಟ್-ಗಂಟೆ) × 48 (ಕೋಣೆಯ ಘನ ಮೀಟರ್) × 24: 380.

ಗೋಡೆಗುಣ:
ಲೆಕ್ಕ ಸರಿಯಾಗಿದೆ. ಆದರೆ ನೋಡಿ, ನಷ್ಟದ ಶೇ. 45ರಷ್ಟು ಬರೀ ಗಾಳಿಯದ್ದು, ಅದೂ ಊಹೆಯ ಮೇಲೆ ನಿಂತದ್ದು. ಬ್ಲೋಯರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕೂರಿಸಿ ಸೋರುವ ಗಾಳಿ ಅಳೆಯುವುದು) ಮಾಡಿಸಿದರೆ ನಿಜ ಸಂಖ್ಯೆ ಗೊತ್ತಾಗುತ್ತದೆ. ಗೋಡೆಯಂಚಿನ ಪಟ್ಟಿಯ ಕೆಳಗಿನ ಸಂದು, ಬಳಸದ ಚಿಮಣಿ, ಕಿಟಕಿ ಚೌಕಟ್ಟಿನ ಸುತ್ತ, ಪೈಪು ಗೋಡೆ ಹೊಕ್ಕ ಜಾಗ, ಇಷ್ಟನ್ನು ಮುಚ್ಚಿ ಗಂಟೆಗೆ 0.5ಕ್ಕೆ ಇಳಿಸಲು ಸಾಧ್ಯವಾದರೆ ಗಾಳಿಯ ಪಾಲು 190ಕ್ಕೆ ಬರುತ್ತದೆ, ಒಟ್ಟು 660 ವ್ಯಾಟ್. 45ರ ನೀರಿನಲ್ಲಿ 850ಕ್ಕೆ ಬೇಕಾದ್ದು ಕ್ಯಾಟಲಾಗ್‌ನ 2,545 ವ್ಯಾಟ್. 660ಕ್ಕೆ 1,976 ಸಾಕು. ಮೊದಲನೆಯದಕ್ಕೆ ಎರಡು ರೇಡಿಯೇಟರ್ ಅಥವಾ ಒಂದು ದಪ್ಪ ಟೈಪ್ 33 ಬೇಕು, ಎರಡನೆಯದಕ್ಕೆ 1200 ಉದ್ದದ ಒಂದು ಟೈಪ್ 22 ಸಾಕು.

ಉದ್ದೇಶಪೂರ್ವಕವಾಗಿ ಇಟ್ಟ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಗಾಳಿ ಆಡದ ಮನೆಯಲ್ಲಿ ತೇವ ಗೋಡೆಗೆ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಒಲೆಯೋ ಗ್ಯಾಸ್ ಉಪಕರಣವೋ ಉರಿಯುವ ಕೋಣೆಯ ಕಿಂಡಿಯಂತೂ ಪ್ರಾಣಕ್ಕೆ ಸಂಬಂಧಿಸಿದ್ದು.

ಚಳಿಮನೆ:
ಸಂದುಗಳ ಕೆಲಸ ಮಾಡಿಸುತ್ತೇನೆ, ಆದರೆ 0.5ಕ್ಕೆ ಇಳಿಯುತ್ತದೆ ಎಂಬ ಧೈರ್ಯದ ಮೇಲೆ ರೇಡಿಯೇಟರ್ ಕೊಳ್ಳಲಾರೆ. 850ಕ್ಕೇ ಆಯ್ಕೆ ಮಾಡುವುದಾದರೆ ಟೈಪ್ 33 ಒಂದೋ, ಟೈಪ್ 22 ಎರಡೋ?

ಪೈಪ್‌ರೆಂಚ್:
ಗೋಡೆಯ ಜಾಗ ಇದ್ದರೆ ಎರಡು ಟೈಪ್ 22. ಮೊದಲ ಅಂಕಿ ಪ್ಯಾನೆಲ್‌ಗಳ ಸಂಖ್ಯೆ, ಎರಡನೆಯದು ನಡುವಿನ ಫಿನ್ ಸಾಲುಗಳ ಸಂಖ್ಯೆ. 600 × 1000 ಅಳತೆಗೆ ಡೆಲ್ಟಾ ಟಿ 50ರಲ್ಲಿ ಟೈಪ್ 11 ಸುಮಾರು 1,000 ವ್ಯಾಟ್, ಟೈಪ್ 21 ಸುಮಾರು 1,300, ಟೈಪ್ 22 ಸುಮಾರು 1,700, ಟೈಪ್ 33 ಸುಮಾರು 2,400 ಕೊಡುತ್ತವೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ. ನಿಮಗೆ 600 × 750ರ ಟೈಪ್ 22 ಎರಡು ಹಾಕಿದರೆ 2,590 ಆಯಿತು. ಒಂದೇ ಬೇಕೆಂದರೆ 600 × 1100ರ ಟೈಪ್ 33 ಸುಮಾರು 2,640 ಕೊಡುತ್ತದೆ. ಆದರೆ ಅದು ಗೋಡೆಯಿಂದ 16–20 ಸೆಂ.ಮೀ. ಮುಂದೆ ಚಾಚುತ್ತದೆ, ತುಂಬಾ ಭಾರ, ಎಲ್ಲ ಶಾಖವೂ ಒಂದೇ ಮೂಲೆಯಿಂದ ಏಳುತ್ತದೆ. 5 ಮೀಟರ್ ಉದ್ದದ ಕೋಣೆಯಲ್ಲಿ ಎರಡು ಕಡೆಯಿಂದ ಬರುವ ಬಿಸಿಯೇ ಹಿತ. ಟೈಪ್ 33 ಇರುವುದು ಜಾಗ ಇಲ್ಲದವರಿಗೆ.

ಈಗ ಟೈಪ್ 11 ಇರುವ ಸಣ್ಣ ಕೋಣೆಗಳಲ್ಲಿ ಅದೇ ಉದ್ದ, ಅದೇ ಎತ್ತರದ ಟೈಪ್ 22 ತಂದರೆ ಉದ್ದದ ಲೆಕ್ಕ ಹೊಂದುವುದರಿಂದ ಪೈಪುಗಳನ್ನು ಹೆಚ್ಚು ಕದಲಿಸಬೇಕಿಲ್ಲ, ಶಾಖ ಒಂದೂಮುಕ್ಕಾಲು ಪಟ್ಟು. ಆದರೆ ದಪ್ಪ ರೇಡಿಯೇಟರ್‌ನಲ್ಲಿ ಪೈಪು ಸೇರುವ ಬಾಯಿ ಗೋಡೆಯಿಂದ ಇನ್ನಷ್ಟು ಮುಂದಿರುತ್ತದೆ. ನೆಲದಿಂದ ಏಳುವ ಪೈಪು ಆ ಅಂತರಕ್ಕೆ ಬಾಗಬೇಕು. ಅಳತೆ ತೆಗೆಯುವಾಗ ಜನ ಮರೆಯುವುದು ಇದನ್ನೇ.

ನೀರ್ಗಾಲುವೆ:
ರೇಡಿಯೇಟರ್ ಮಾತಾಯಿತು, ಪೈಪಿನ ಮಾತು ಯಾರೂ ಎತ್ತಿಲ್ಲ. ಬಾಯ್ಲರ್ ಹೋಗುವ ಮತ್ತು ಮರಳುವ ನೀರಿನ ನಡುವೆ 20 ಡಿಗ್ರಿ ಅಂತರ ಇಟ್ಟುಕೊಂಡು ಓಡುತ್ತಿತ್ತು, ಹೀಟ್ ಪಂಪ್ 5ರ ಆಸುಪಾಸು. ಅದೇ ಶಾಖ ಸಾಗಿಸಲು ನಾಲ್ಕು ಪಟ್ಟು ನೀರು ಹರಿಯಬೇಕು. ಒಂದು ಕಿಲೋವ್ಯಾಟ್‌ಗೆ 5 ಡಿಗ್ರಿ ಅಂತರದಲ್ಲಿ ಗಂಟೆಗೆ 172 ಲೀಟರ್, 20 ಡಿಗ್ರಿಯಲ್ಲಿ 43 ಲೀಟರ್.

ತಾಮ್ರದ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1 ಮೀಟರ್ ದಾಟಿದರೆ ಸದ್ದು ಶುರುವಾಗುತ್ತದೆ. ಆ ಮಿತಿಯಲ್ಲಿ, 5 ಡಿಗ್ರಿ ಅಂತರಕ್ಕೆ, 15 ಮಿ.ಮೀ. ಪೈಪು ಸುಮಾರು 3 ಕಿಲೋವ್ಯಾಟ್, 22 ಮಿ.ಮೀ. ಸುಮಾರು 6.5, 28 ಮಿ.ಮೀ. ಸುಮಾರು 11 ಕಿಲೋವ್ಯಾಟ್ ಸಾಗಿಸುತ್ತದೆ. ನಿಮ್ಮ 850 ವ್ಯಾಟ್‌ಗೆ ಗಂಟೆಗೆ 146 ಲೀಟರ್ ಬೇಕು. 15ರ ಪೈಪು ಅದನ್ನು ನಿರಾಯಾಸವಾಗಿ ಕೊಡುತ್ತದೆ. ಗಮನ ಬೇಕಿರುವುದು ಪಂಪ್‌ನಿಂದ ಹೊರಡುವ ಮುಖ್ಯ ಪೈಪಿನ ಮೇಲೆ. 8 ಕಿಲೋವ್ಯಾಟ್‌ನ ಪಂಪ್‌ಗೆ ಮೊದಲ ಕವಲಿನವರೆಗೆ 28 ಇರಲೇಬೇಕು. ಅಲ್ಲಿ 22 ಬಿಟ್ಟು, ಕೋಣೆಯಲ್ಲಿ ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ನೀರೇ ತಲುಪುವುದಿಲ್ಲ.

8 ಅಥವಾ 10 ಮಿ.ಮೀ.ನ ಸಣ್ಣ ಪೈಪಿದ್ದರೆ ಕಿತ್ತೆಸೆಯುವ ಅವಸರ ಬೇಡ. 10ರ ಪೈಪು ಚಿಕ್ಕ ಓಟದಲ್ಲಿ 700–800 ವ್ಯಾಟ್ ಸಾಗಿಸಬಲ್ಲದು. 8ರ ಪೈಪು ದೊಡ್ಡ ಕೋಣೆಗೆ ಆಗದು. ದೊಡ್ಡ ಕೋಣೆಗೆ ಎರಡು ರೇಡಿಯೇಟರ್ ಹಾಕಿ, ಎರಡಕ್ಕೂ ಬೇರೆ ಬೇರೆ ಜೋಡಿ ಪೈಪು ಮ್ಯಾನಿಫೋಲ್ಡ್‌ನಿಂದಲೇ (ಸಣ್ಣ ಪೈಪುಗಳು ಕವಲೊಡೆಯುವ ಕೂಡುಕೊಳವೆ) ಎಳೆಯುವುದು ಒಂದು ದಾರಿ. ಅಂತರವನ್ನು 7–8 ಡಿಗ್ರಿಗೆ ಬಿಡುವುದು ಇನ್ನೊಂದು; ಆಗ ಹರಿವು ಇಳಿಯುತ್ತದೆ, ಆದರೆ ನೀರಿನ ಸರಾಸರಿಯೂ ಒಂದೆರಡು ಡಿಗ್ರಿ ಇಳಿಯುವುದರಿಂದ ರೇಡಿಯೇಟರ್ ಲೆಕ್ಕ ಮತ್ತೆ ಹಾಕಬೇಕು.

ಲೆಕ್ಕಿಗ:
ವಾಲ್ವನ್ನೂ ಸೇರಿಸಿ. ಬಾಯ್ಲರ್ ಕಾಲದ ಥರ್ಮೋಸ್ಟ್ಯಾಟಿಕ್ (ಕೋಣೆ ಬೆಚ್ಚಗಾದಾಗ ತಾನೇ ಮುಚ್ಚುವ) ವಾಲ್ವ್‌ಗಳಲ್ಲಿ ಹಲವಕ್ಕೆ ನೀರು ಬಿಡುವ ಸಾಮರ್ಥ್ಯ, ಅಂದರೆ ಕೆವಿ, 0.6ರ ಸುತ್ತ. ಗಂಟೆಗೆ 250 ಲೀಟರ್ ಹರಿಸಿದರೆ ಅಂಥ ಒಂದು ವಾಲ್ವ್‌ನಲ್ಲೇ 0.17 ಬಾರ್ ಒತ್ತಡ ಕಳೆದುಹೋಗುತ್ತದೆ, ಅಂದರೆ 1.7 ಮೀಟರ್ ನೀರಿನ ಎತ್ತರ. ಒಳಗಿನ, ನೀರನ್ನು ಸುತ್ತಿಸುವ ಸರ್ಕ್ಯುಲೇಟರ್ ಪಂಪ್ ಕೊಡುವುದೇ 6–7 ಮೀಟರ್ ಇರುವಾಗ ಇದು ದೊಡ್ಡ ಪಾಲು. ದೊಡ್ಡ ರೇಡಿಯೇಟರ್‌ಗಳಿಗೆ ಹೆಚ್ಚಿನ ಕೆವಿಯ ವಾಲ್ವ್ ಕೇಳಿ ತನ್ನಿ. ತಾಂತ್ರಿಕ ಹಾಳೆಯಲ್ಲಿ ಆ ಸಂಖ್ಯೆ ಇದ್ದೇ ಇರುತ್ತದೆ.

ಚಳಿಮನೆ:
ಗುತ್ತಿಗೆದಾರರ ನಕ್ಷೆಯಲ್ಲಿ 50 ಲೀಟರ್‌ನ ನಾಲ್ಕು ಬಾಯಿಯ ಬಫರ್ ಟ್ಯಾಂಕ್ (ಹೀಟ್ ಪಂಪ್‌ಗೂ ರೇಡಿಯೇಟರ್‌ಗಳಿಗೂ ನಡುವಿನ ನೀರಿನ ತೊಟ್ಟಿ), ಅದರಾಚೆ ಎರಡನೆಯ ಸರ್ಕ್ಯುಲೇಟರ್ ಇದೆ. ಡೀಫ್ರಾಸ್ಟ್‌ಗೆ ಬೇಕೇಬೇಕು ಅಂತಾರೆ.

ನೀರ್ಗಾಲುವೆ:
ಬೇಡ ಎಂದು ವಾದಿಸಿ. ಕಡಿಮೆ ತಾಪಮಾನದ ವ್ಯವಸ್ಥೆಗೆ ಅದು ಮಾಡುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ರೇಡಿಯೇಟರ್ ಕಡೆಯ ಸರ್ಕ್ಯುಲೇಟರ್ ಹೀಟ್ ಪಂಪ್ ಕಡೆಗಿಂತ ಹೆಚ್ಚು ನೀರು ಎಳೆದರೆ, ಟ್ಯಾಂಕಿನಲ್ಲಿ ಮರಳಿದ ತಣ್ಣೀರು ಬಿಸಿನೀರಿಗೆ ಬೆರೆಯುತ್ತದೆ. ಪಂಪ್ 45 ಕೊಟ್ಟರೂ ರೇಡಿಯೇಟರ್‌ಗೆ ಮುಟ್ಟುವುದು 41. ಆಗ ಮನೆ ತಣ್ಣಗಿದೆ ಎಂದು ಪಂಪನ್ನು 49ಕ್ಕೆ ಏರಿಸುತ್ತಾರೆ. ದೊಡ್ಡ ರೇಡಿಯೇಟರ್‌ಗೆ ಕೊಟ್ಟ ಹಣ ಅಲ್ಲಿಗೆ ನೀರಲ್ಲಿ ಹೋಮ.

ಡೀಫ್ರಾಸ್ಟ್‌ನ ಕಾಳಜಿ ಮಾತ್ರ ನಿಜವಾದದ್ದು. ಹೊರಗಿನ ಘಟಕದ ಮೇಲಿನ ಹಿಮ ಕರಗಿಸಲು ಪಂಪ್ ಮನೆಯ ನೀರಿನಿಂದಲೇ ಶಾಖ ವಾಪಸ್ ಎಳೆಯುತ್ತದೆ. 100 ಲೀಟರ್ ನೀರು 10 ಡಿಗ್ರಿ ಇಳಿದಾಗ ಸಿಗುವುದು ಸುಮಾರು 1.16 ಯೂನಿಟ್ ಶಾಖ. ವ್ಯವಸ್ಥೆಯಲ್ಲಿ ನೀರು ಕಡಿಮೆ ಇದ್ದರೆ ತಾಪಮಾನ ತೀರಾ ಕುಸಿದು ವಿದ್ಯುತ್ ಹೀಟರ್ ಹೊತ್ತಿಕೊಳ್ಳುತ್ತದೆ, ಇಲ್ಲವೇ ಪಂಪ್ ದೋಷಸಂಕೇತ ತೋರಿಸಿ ನಿಲ್ಲುತ್ತದೆ. ಕನಿಷ್ಠ ಎಷ್ಟು ಲೀಟರ್ ಬೇಕೆಂದು ನಿಮ್ಮ ಮಾದರಿಯ ಕೈಪಿಡಿಯಲ್ಲಿದೆ. 600 × 1000ರ ಟೈಪ್ 22ರಲ್ಲಿ 5–6 ಲೀಟರ್ ಹಿಡಿಯುತ್ತದೆ. ಎಲ್ಲ ಕೂಡಿಸಿ, ಪೈಪಿನ ನೀರನ್ನೂ ಸೇರಿಸಿ. ಸಾಲದಿದ್ದರೆ ಎರಡು ಬಾಯಿಯ ವಾಲ್ಯೂಮ್ ಟ್ಯಾಂಕನ್ನು ಮರಳುವ ಪೈಪಿನ ಸಾಲಿನಲ್ಲೇ ಹಾಕಿ. ಅಲ್ಲಿ ಬೆರಕೆಗೆ ಅವಕಾಶವಿಲ್ಲ, ಎರಡನೆಯ ಸರ್ಕ್ಯುಲೇಟರ್ ಕೂಡ ಬೇಡ.

ಲೆಕ್ಕಕ್ಕೆ ಬರುವುದು ಯಾವಾಗಲೂ ತೆರೆದಿರುವ ರೇಡಿಯೇಟರ್‌ಗಳ ನೀರು ಮಾತ್ರ. ಪ್ರತಿ ಕೋಣೆಗೂ ಸ್ಮಾರ್ಟ್ ವಾಲ್ವ್ ಹಾಕಿ ಮುಚ್ಚುತ್ತಾ ಹೋದರೆ ಇದ್ದ ನೀರೂ ಇಲ್ಲದಂತಾಗುತ್ತದೆ, ಪಂಪ್ ಐದೈದು ನಿಮಿಷಕ್ಕೆ ಶುರುವಾಗಿ ನಿಲ್ಲತೊಡಗುತ್ತದೆ. ಥರ್ಮೋಸ್ಟ್ಯಾಟಿಕ್ ವಾಲ್ವನ್ನು ಬೇಕಾದ ತಾಪಮಾನಕ್ಕಿಂತ ಎರಡು ಮೂರು ಡಿಗ್ರಿ ಮೇಲಕ್ಕಿಟ್ಟು, ಬಿಸಿಲು ಬಿದ್ದಾಗ ತಡೆಯುವ ಮಿತಿಯಾಗಿ ಮಾತ್ರ ಬಳಸಿ.

ಗೋಡೆಗುಣ:
ಬಚ್ಚಲುಮನೆಯನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ, ಅತಿ ದುರ್ಬಲ ಕೋಣೆಯಾಗಿ ಉಳಿಯುವುದು ಬಹುತೇಕ ಅದೇ. ಟವೆಲ್ ಒಣಗಿಸುವ ಏಣಿಯಾಕಾರದ ರೇಡಿಯೇಟರ್‌ಗೆ ಕ್ಯಾಟಲಾಗ್‌ನಲ್ಲಿ 500 ವ್ಯಾಟ್ ಇದ್ದರೆ, 22 ಡಿಗ್ರಿಯ ಬಚ್ಚಲಿನಲ್ಲಿ 45ರ ನೀರಿಗೆ ಸಿಗುವುದು ಸುಮಾರು 157. ಮೇಲೆ ಟವೆಲ್ ಹೊದಿಸಿದರೆ ಇನ್ನೂ ಕಡಿಮೆ. ಕ್ರೋಮ್ ಲೇಪ ಶಾಖವನ್ನು ಚೆನ್ನಾಗಿ ಹೊರಸೂಸುವುದಿಲ್ಲ, ಅದೇ ಅಳತೆಯ ಬಿಳಿ ಬಣ್ಣದ್ದು ಹೆಚ್ಚು ಕೊಡುತ್ತದೆ. ಜಾಗವಿದ್ದರೆ ಸಣ್ಣ ಟೈಪ್ 22 ಒಂದನ್ನು ಹಾಕಿ, ಟವೆಲ್‌ಗೆ ಬೇರೆ ಕಂಬಿ ಇಡಿ. ಜಾಗವೇ ಇಲ್ಲದಿದ್ದರೆ ಏಣಿಗೆ ವಿದ್ಯುತ್ ಎಲಿಮೆಂಟ್ ಸೇರಿಸಿ, ಸ್ನಾನದ ಹೊತ್ತಿಗೆ ಮಾತ್ರ ಹಾಕಿ. ಒಂದು ಬಚ್ಚಲಿಗಾಗಿ ಇಡೀ ಮನೆಯ ನೀರನ್ನು 52ಕ್ಕೆ ಏರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಚಳಿಮನೆ:
ಅಡುಗೆಮನೆಯಲ್ಲಿ ಗೋಡೆಯೇ ಇಲ್ಲ, ಎಲ್ಲ ಕಪಾಟು. ಕಪಾಟಿನಡಿಯ ಫ್ಯಾನ್ ಹೀಟರ್ ನಡೆಯುತ್ತದೆಯೆ?

ಪೈಪ್‌ರೆಂಚ್:
ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಬಾಯ್ಲರ್‌ಗೆಂದು ಮಾಡಿದ ಮಾದರಿಗಳಲ್ಲಿ ನೀರು 40 ಡಿಗ್ರಿಯ ಆಸುಪಾಸಿಗೆ ಬರುವ ತನಕ ಫ್ಯಾನ್ ಶುರುವಾಗದಂತೆ ಒಳಗೊಂದು ಸ್ವಿಚ್ ಇರುತ್ತದೆ. ಹದವಾದ ಚಳಿಯ ದಿನ ನಿಮ್ಮ ನೀರು 36 ಇದ್ದಾಗ ಅದು ತಿರುಗುವುದೇ ಇಲ್ಲ. ಕಡಿಮೆ ತಾಪಮಾನದ ಮಾದರಿ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ. ಗೋಡೆಗೆ ಹಾಕುವ ಫ್ಯಾನ್ ಕನ್ವೆಕ್ಟರ್‌ಗಳು 35–40ರ ನೀರಿನಲ್ಲೂ ಚಿಕ್ಕ ಗಾತ್ರಕ್ಕೆ ಬಹಳ ಶಾಖ ಕೊಡುತ್ತವೆ, ಆದರೆ ಪಕ್ಕದಲ್ಲಿ ವಿದ್ಯುತ್ ಸಂಪರ್ಕ ಬೇಕು, ಫಿಲ್ಟರ್ ತೊಳೆಯಬೇಕು, ಸಣ್ಣ ಸದ್ದು ಇದ್ದೇ ಇರುತ್ತದೆ. ಮಲಗುವ ಕೋಣೆಗೆ ನಾನು ಸೂಚಿಸುವುದಿಲ್ಲ.

ಹಳೆಯ ಎರಕದ ಕಬ್ಬಿಣದ ಕಂಬಸಾಲಿನ ರೇಡಿಯೇಟರ್ ಯಾವುದಾದರೂ ಇದ್ದರೆ ಉಳಿಸಿಕೊಳ್ಳಿ. ನೀರು ಹೆಚ್ಚು ಹಿಡಿಯುತ್ತದೆ, ನಿಧಾನ ಕಾಯುತ್ತದೆ. ದಿನವಿಡೀ ಹದವಾಗಿ ಓಡುವ ಪಂಪ್‌ಗೆ ಆ ನಿಧಾನ ತೊಂದರೆಯೇ ಅಲ್ಲ. ಒಳಗೆ ಕೂತ ಕಪ್ಪು ಕೆಸರನ್ನು ಮಾತ್ರ ಚೆನ್ನಾಗಿ ತೊಳೆಸಬೇಕು. ಬಿಸಿ ಇರುವಾಗ ಕೈಯಿಟ್ಟು ನೋಡಿ: ಮೇಲ್ಭಾಗ ತಣ್ಣಗಿದ್ದರೆ ಗಾಳಿ ತುಂಬಿದೆ, ಕೆಳಗೆ ನಟ್ಟನಡುವೆ ತಣ್ಣಗಿದ್ದರೆ ಕೆಸರು. ಕೆಸರು ಹೀಟ್ ಪಂಪ್‌ನ ಜಾಲರಿ ಕಟ್ಟಿದರೆ ಹರಿವು ಕುಸಿದು ಪಂಪ್ ನಿಲ್ಲುತ್ತದೆ. ಹೊಸ ಯಂತ್ರ ಜೋಡಿಸುವ ಮೊದಲೇ ತೊಳೆಯುವುದು, ಮರಳುವ ಪೈಪಿಗೆ ಅಯಸ್ಕಾಂತದ ಫಿಲ್ಟರ್ ಹಾಕುವುದು, ಇವೆರಡನ್ನೂ ಬಿಡಬೇಡಿ.

ಚಳಿಮನೆ:
ಎಲ್ಲರಿಗೂ ತುಂಬಾ ಧನ್ಯವಾದ. ದೊಡ್ಡ ಕೋಣೆಗೆ ಎರಡು ಟೈಪ್ 22, ಬಚ್ಚಲಿಗೆ ಒಂದು ಚಿಕ್ಕದು, ಗುರಿ 45. ಕೊಳ್ಳುವ ಮೊದಲು ಈ ಲೆಕ್ಕವನ್ನು ಪರೀಕ್ಷಿಸುವ ದಾರಿ ಇದೆಯೆ?

ಲೆಕ್ಕಿಗ:
ಇದೆ, ಖರ್ಚೂ ಇಲ್ಲ. ಬಾಯ್ಲರ್ ಇರುವಾಗಲೇ, ಚಳಿ ಜೋರಾಗಿರುವ ದಿನಗಳಲ್ಲಿ, ಬಿಸಿ ಮಾಡುವ ನೀರನ್ನು 50ಕ್ಕೆ ಇಳಿಸಿ, ಟೈಮರ್ ತೆಗೆದು ಹಗಲೂ ರಾತ್ರಿ ಓಡಿಸಿ. ಎಲ್ಲ ವಾಲ್ವ್ ಪೂರ್ತಿ ತೆರೆದಿಡಿ. ಎರಡು ಮೂರು ದಿನ ಬಿಟ್ಟು ಪ್ರತಿ ಕೋಣೆಯ ತಾಪಮಾನ ಬರೆದುಕೊಳ್ಳಿ, ಆಮೇಲೆ 45ಕ್ಕೆ ಇಳಿಸಿ ಮತ್ತೆ ಬರೆಯಿರಿ. ಮೊದಲು ತಣ್ಣಗಾಗುವ ಕೋಣೆಗಳೇ ನಿಮ್ಮ ಖರೀದಿಯ ಪಟ್ಟಿ. ಸ್ನಾನದ ಬಿಸಿನೀರಿನ ಟ್ಯಾಂಕ್ ಇದೇ ಬಾಯ್ಲರ್‌ನಿಂದ, ಇದೇ ತಾಪಮಾನದಲ್ಲಿ ಕಾಯುವಂತಿದ್ದರೆ ಪರೀಕ್ಷೆಯನ್ನು ಹೀಗೆ ಮಾಡಬೇಡಿ. ಟ್ಯಾಂಕಿನ ನೀರು 60ಕ್ಕೆ ಏರದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ನೀರ್ಗಾಲುವೆ:
ಹೊಸ ವ್ಯವಸ್ಥೆ ಓಡತೊಡಗಿದ ಮೇಲೆ ಲಾಕ್‌ಶೀಲ್ಡ್‌ಗಳನ್ನೆಲ್ಲ (ರೇಡಿಯೇಟರ್‌ನ ಇನ್ನೊಂದು ತುದಿಯ, ಹರಿವು ಹೊಂದಿಸುವ ವಾಲ್ವ್) ಪೂರ್ತಿ ತೆರೆದು ಶುರು ಮಾಡಿ. ಹೆಚ್ಚು ಬಿಸಿಯಾದ ಕೋಣೆಯದ್ದನ್ನು ಕಾಲು ಸುತ್ತು ಮುಚ್ಚಿ, ಒಂದು ದಿನ ಬಿಟ್ಟು ನೋಡಿ. ತಣ್ಣಗಿರುವ ಕೋಣೆಯದ್ದನ್ನು ಮುಟ್ಟಬೇಡಿ. ಸಮತೋಲ ಬಂದ ಮೇಲೆ ವೆದರ್ ಕರ್ವ್, ಅಂದರೆ ಹೊರಗೆ ಎಷ್ಟು ಚಳಿಗೆ ನೀರು ಎಷ್ಟು ಬಿಸಿ ಎಂದು ಹೇಳುವ ಗೆರೆ. ಅತಿ ಚಳಿಯ ದಿನ ಮಾತ್ರ ಮನೆ ತಣ್ಣಗಿದ್ದರೆ ಇಳಿಜಾರು ಹೆಚ್ಚಿಸಿ. ಹದವಾದ ದಿನಗಳಲ್ಲಿ ಮಾತ್ರ ತಣ್ಣಗಿದ್ದರೆ ಇಡೀ ಗೆರೆಯನ್ನು ಒಂದು ಡಿಗ್ರಿ ಮೇಲಕ್ಕೆತ್ತಿ, ಇಳಿಜಾರು ಸ್ವಲ್ಪ ತಗ್ಗಿಸಿ.

ಪೈಪ್‌ರೆಂಚ್:
ಜೋಡಿಸುವ ದಿನಕ್ಕೆ: ರೇಡಿಯೇಟರ್ ಕೆಳಗೆ ನೆಲದಿಂದ ಕನಿಷ್ಠ 10 ಸೆಂ.ಮೀ., ಮೇಲೆ ಕಿಟಕಿಯ ಹಲಗೆಯವರೆಗೆ ಅಷ್ಟೇ ಬಿಡಿಸಿ. ಗಾಳಿ ಕೆಳಗಿಂದ ಹೊಕ್ಕು ಮೇಲಿಂದ ಏಳಬೇಕು, ಆದ್ದರಿಂದ ಮರದ ಹೊದಿಕೆ, ನೆಲದವರೆಗಿನ ಪರದೆ, ಮುಂದೆ ಸೋಫಾ ಯಾವುದೂ ಬೇಡ. ಗೋಡೆ ಜಿಪ್ಸಮ್ ಹಲಗೆಯದ್ದಾದರೆ ಬ್ರಾಕೆಟ್ ಬರುವ ಜಾಗದಲ್ಲಿ ಹಿಂದೆ ಮರದ ಪಟ್ಟಿ ಕೊಡಿಸಿ. ಬರೀ ಹಲಗೆಗೆ ಸ್ಕ್ರೂ ಹೊಡೆದು ನೀರು ತುಂಬಿದ ಟೈಪ್ 22 ನೇತುಹಾಕಿದರೆ, ಮೊದಲು ಬ್ರಾಕೆಟ್ ವಾಲುತ್ತದೆ, ಆಮೇಲೆ ವಾಲ್ವ್‌ನ ಕೀಲಿನಲ್ಲಿ ನೀರು ಸೋರುತ್ತದೆ.